ಹಗೇವಿನಲ್ಲಿ ಆರದ ಬೆಳಕು

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಸುಲಭ. ಗುಡುಗಿಗೆ ಅಂಜುತ್ತೇನೆ, ಬೀದಿನಾಯಿಗೆ ಅಂಜುತ್ತೇನೆ, ತುಂಬಿದ ಹಳ್ಳವನ್ನು ಬಸ್ಸು ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಇಷ್ಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿದರೂ ಇನ್‌ಸ್ಪೆಕ್ಷನ್ ಇದೆಯೆಂದರೆ ಇವತ್ತಿಗೂ ಹಿಂದಿನ ದಿನವೇ ಹೊಟ್ಟೆ ಕೆಡುತ್ತದೆ. ನನ್ನ ಅಕ್ಕ ಇದಕ್ಕೆ ತದ್ವಿರುದ್ಧ. ಚೇಳನ್ನು ಚಪ್ಪಲಿಯಿಂದ ಬಡಿದು ಹೊರಗೆಸೆದು, ಅರ್ಧಕ್ಕೆ ಬಿಟ್ಟ ಚಹಾವನ್ನು ಮತ್ತೆ ಕುಡಿಯುವ ಹೆಂಗಸು. ಒಂದೇ ತಾಯಿಯ ಮಕ್ಕಳು ಹೀಗೆ ಹೇಗಾದೆವೋ ಗೊತ್ತಿಲ್ಲ.

ಅಕ್ಕ ನನ್ನನ್ನು ಕರೆಯುತ್ತಿದ್ದದ್ದು ‘ಕಂದೀಲು’ ಎಂದು. ಅದಕ್ಕೊಂದು ಕಾರಣವಿದೆ.

ನಮ್ಮದು ಯಲಬುರ್ಗಾದ ಹಳೇ ಓಣಿಯ ಮಣ್ಣಿನ ಮನೆ. ಹಿಂದೆ ಹಿತ್ತಲು, ಹಿತ್ತಲಿನ ನಡುವೆ ಬೇವಿನ ಮರ, ಆ ತುದಿಗೆ ದನದ ಮನೆ. ಬೇವಿನ ಮರದ ಹತ್ತಿರ ಒಂದು ಹಗೇವು ಇತ್ತು. ಕರಿ ನೆಲದಲ್ಲಿ ಎರಡಾಳು ಆಳ ತೋಡಿ, ಬಾಯಿ ಕಿರಿದು ಹೊಟ್ಟೆ ದೊಡ್ಡದು ಮಾಡಿ, ಒಳಗೆ ದಂಟು ಹಾಸಿ ಬಿಳಿಜೋಳ ತುಂಬುತ್ತಿದ್ದರು. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಬಡಿದುಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಬಹಳ ಎಚ್ಚರ ಬೇಕು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದನ್ನು ಉಸಿರಾಡಿದವನು ಕೂಗುವುದಕ್ಕೂ ಸಮಯ ಸಿಗದೆ ಕುಸಿಯುತ್ತಾನೆ. ಅದಕ್ಕೇ ಬಂಡೆ ಸರಿಸಿ ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. “ದೀಪ ಉರಿಯಾಕ ಹತ್ತಿದ್ರ ಇಳೀರಿ, ಆರಿದ್ರ ಕಾಲು ಇಡಬ್ಯಾಡ್ರಿ” ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ.

1997ರಲ್ಲಿ ಹಗೇವು ತೆಗೆದಾಗ ನನಗೆ ಇಪ್ಪತ್ತು ವರ್ಷ. ಕಂದೀಲಿನ ಹಗ್ಗ ನನ್ನ ಕೈಗೆ ಕೊಟ್ಟರು. ಕಂದೀಲು ಎದೆಮಟ್ಟ ಇಳಿದಿತ್ತೋ ಇಲ್ಲವೋ, ಆರಿತು. ನಾನು ಕಿರುಚಿಕೊಂಡೆ. ಇಳಿಯಲು ನಿಂತಿದ್ದ ಆಳಿನ ಧೋತರ ಹಿಡಿದು ಎಷ್ಟು ಜೋರಾಗಿ ಹಿಂದಕ್ಕೆಳೆದೆನೆಂದರೆ ಧೋತರವೇ ನನ್ನ ಕೈಗೆ ಬಂತು. ಓಣಿಯ ಜನವೆಲ್ಲ ಓಡಿ ಬಂದರು. ಅಪ್ಪ ಕಂದೀಲನ್ನು ಮೇಲೆಳೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅದರಲ್ಲಿ ಎಣ್ಣೆಯೇ ಇರಲಿಲ್ಲ. ಎಣ್ಣೆ ಹಾಕುವ ಕೆಲಸವೂ ನನ್ನದೇ ಆಗಿತ್ತು. ಅಕ್ಕ ನಕ್ಕೂ ನಕ್ಕೂ ನೆಲದ ಮೇಲೆ ಕೂತುಬಿಟ್ಟಳು. ಎಣ್ಣೆ ಹಾಕಿ ಮತ್ತೆ ಇಳಿಬಿಟ್ಟಾಗ ಕಂದೀಲು ಚೆನ್ನಾಗಿ ಉರಿಯಿತು, ಆಳು ಇಳಿದು ಜೋಳ ತುಂಬಿಕೊಟ್ಟ. ಅವತ್ತಿನಿಂದ ನಾನು ಕಂದೀಲು. ಮದುವೆಯಾಗಿ ಬಂದ ವಾರದೊಳಗೆ ನನ್ನ ಹೆಂಡತಿಗೂ ಈ ಕಥೆ ಗೊತ್ತಾಗಿತ್ತು.

ಆಮೇಲೆ ಜೋಳವನ್ನು ಚೀಲದಲ್ಲೇ ಇಡತೊಡಗಿದೆವು. ತಳದ ಹಾಳು ಕಾಳನ್ನು ಅಲ್ಲೇ ಬಿಟ್ಟು ಅಪ್ಪ ಹಗೇವಿಗೆ ಬಂಡೆ ಮುಚ್ಚಿಸಿ ಮೇಲೆ ಮಣ್ಣು ಹರವಿಸಿದ. ಅಪ್ಪ ತೀರಿಕೊಂಡ ಮೇಲೆ ಅದು ಹಿತ್ತಲಿನಲ್ಲಿ ಸರಿಯಾಗಿ ಎಲ್ಲಿತ್ತು ಎಂಬುದೂ ನಮಗೆ ಮರೆತುಹೋಯಿತು.

ಅಕ್ಕನನ್ನು ಇದೇ ಊರಿಗೆ ಕೊಟ್ಟಿದ್ದರು. ಗಂಡ ತೀರಿಹೋದ ಮೇಲೆ ಅವಳು ನಮ್ಮ ಖಾಲಿ ದನದ ಮನೆಯನ್ನು ಸುಣ್ಣ ಬಳಿದು ಹೊಲಿಗೆ ಅಂಗಡಿ ಮಾಡಿಕೊಂಡಳು. ಎರಡು ಮೋಟಾರು ಮಷೀನು, ಒಂದು ಕತ್ತರಿ ಮೇಜು, ಗೋಡೆಗೆ ಉದ್ದ ಕನ್ನಡಿ. ಅವಳ ಕೈಯ ಬ್ಲೌಸಿಗೆ ಕುಷ್ಟಗಿ, ಕೊಪ್ಪಳದಿಂದಲೂ ಗಿರಾಕಿಗಳು ಬರುತ್ತಿದ್ದರು. ಮೊದಮೊದಲು ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಆಮೇಲೆ ಗಿರಾಕಿಗಳು ಬೆನ್ನಿನ ಡಿಸೈನು, ತೋಳಿನ ಕಸೂತಿ ಎಲ್ಲವನ್ನೂ ಫೋನಿನಲ್ಲಿ ಕಳಿಸತೊಡಗಿದರು. ದನದ ಮನೆಯ ಗೋಡೆ ಎರಡು ಮೊಳ ದಪ್ಪ, ಮೇಲೆ ತಗಡು. ಒಳಗೆ ಫೋನಿಗೆ ಜೀವವೇ ಇರುತ್ತಿರಲಿಲ್ಲ. ಅಕ್ಕ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಬೇವಿನ ಮರದ ಕೆಳಗೆ ಬಂದು, ಫೋನನ್ನು ಆಕಾಶಕ್ಕೆ ತೋರಿಸುತ್ತ ನಿಲ್ಲುತ್ತಿದ್ದಳು. ಮನೆಯಲ್ಲಿ ನನ್ನ ಶಾಲೆಯ ಕೆಲಸಕ್ಕೆಂದು ಹಾಕಿಸಿದ ವೈಫೈ ಹಿಂಬಾಗಿಲಿನ ಹೊಸ್ತಿಲಿಗೇ ಮುಗಿಯುತ್ತಿತ್ತು.

ಗಂಗಾವತಿಯ ಒಂದು ಮದುವೆ ಮನೆಯವರು ಬಟ್ಟೆ ಕತ್ತರಿಸುವುದನ್ನು ವಿಡಿಯೋದಲ್ಲಿ ನೋಡುತ್ತೇವೆಂದರು. ಮೂರು ಸಲ ಕರೆ ಕಡಿದುಹೋಯಿತು. ನಾಲ್ಕನೇ ಸಲ ಅವರು ಕರೆ ಮಾಡಿದ್ದು ಬಟ್ಟೆ ವಾಪಸು ಕೇಳುವುದಕ್ಕೆ. ಅಕ್ಕ ಹಿತ್ತಲು ದಾಟಿ ಬಂದು ಟೇಪನ್ನು ನನ್ನ ತೊಡೆಯ ಮೇಲೆ ಎಸೆದಳು.

“ನಿನ್ನ ವೈಫೈ ಈ ಹಿತ್ತಲ ದಾಟಲಿಲ್ಲಂದ್ರ ನನ್ನ ಅಂಗಡಿ ಮುಚ್ಚಿದಂಗ. ತಿಳೀತಿಲ್ಲೊ?”

ತಿಳಿಯಿತು. ಕಿಟಕಿಯಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಕೂರಿಸಿದೆವು. ಬೇವಿನ ಮರದವರೆಗೆ ಬಂತು, ಗೋಡೆಯೊಳಗೆ ಹೋಗಲಿಲ್ಲ. ಕೇಬಲ್ಲಿನವನು ಬಂದು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಸರ, ಇದು ಗ್ವಾಡಿ ಅಲ್ರೀ, ಕ್ವಾಟಿ. ವೈರು ಎಳದು ಒಳಗ ಒಂದು ಪೆಟ್ಟಿಗಿ ಇಡೂದ ಛಲೋ” ಎಂದ. ವೈರನ್ನು ಮೇಲಿನಿಂದ ಎಳೆದೆವು. ಮಂಗಗಳು ಅದನ್ನು ಒಂದು ವಾರದೊಳಗೆ ಎರಡು ಸಲ ಹರಿದವು. ಅಲ್ಲದೆ ಮೇಲಿನ ವೈರಿಗೆ ಸಿಡಿಲು ಬಡಿದು ಮನೆಯೊಳಗೆ ಬಂದರೆ ಎಂಬ ಚಿಂತೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ನೆಲದೊಳಗೆ ಪೈಪು ಹಾಕಿ ಅದರೊಳಗೆ ವೈರು ಒಯ್ಯುವುದೆಂದು ತೀರ್ಮಾನವಾಯಿತು. ಆ ಉಪಾಯ ನನ್ನದೇ. ನೆಲದೊಳಗೆ ಅಂಜುವಂಥದ್ದೇನೂ ಇಲ್ಲವೆಂದುಕೊಂಡಿದ್ದೆ.

ಬೇಸಿಗೆ ರಜೆ, ಬೆಳಗಿನ ಹತ್ತು ಗಂಟೆ ಇರಬಹುದು. ಅಗೆಯಲು ಬಂದವರು ಗಂಡ ಹೆಂಡತಿ ಇಬ್ಬರು, ನಮಗೆ ಮೊದಲಿನಿಂದ ಗೊತ್ತಿದ್ದವರು. ಬಿಸಿಲಿಗೆ ಬಿರಿದ ಕರಿ ನೆಲ ಹಾರೆಗೆ ಕಲ್ಲಿನಂತೆ ಸಪ್ಪಳ ಮಾಡುತ್ತಿತ್ತು. ಬೇವಿನ ಮರ ದಾಟುವ ಹೊತ್ತಿಗೆ ಸಪ್ಪಳ ಬದಲಾಯಿತು. ಅಗೆಯುತ್ತಿದ್ದಾತ ಹಾರೆಯನ್ನು ಇನ್ನೊಮ್ಮೆ ಹಾಕಿದ. ಕೆಳಗೆ ಬಂಡೆ, ಅದರ ಕೆಳಗೆ ಟೊಳ್ಳು. ಬಂಡೆಯ ಒಂದು ಮೂಲೆ ಮುರಿದು ಒಳಗೆ ಬಿತ್ತು, ಬಿದ್ದ ಸಪ್ಪಳ ತಡವಾಗಿ ಕೇಳಿತು.

“ಹಗೇವು ಐತಿ ನೋಡ್ರಿ ಸರ” ಎಂದು ಆತ ಉಳಿದ ಬಂಡೆಯನ್ನೂ ಸರಿಸಿದ. ಹಳೆಯ ಹುಳಿ ವಾಸನೆಯೊಂದು ಮೇಲೆ ಬಂತು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ.

ಸುದ್ದಿ ಕೇಳಿ ಅಕ್ಕ ಅಂಗಡಿಯಿಂದ ಬಂದಳು. ಕೊರಳಲ್ಲಿ ಟೇಪು, ಕೈಯಲ್ಲಿ ಫೋನು. “ಅಪ್ಪನ ಹಗೇವು! ಇಲ್ಲೇ ಐತೇನು ಇದು?” ಎನ್ನುತ್ತ ಫೋನಿನ ಟಾರ್ಚು ಹಚ್ಚಿ ಬಾಯಿಯ ಮೇಲೆ ಬಗ್ಗಿದಳು. ಬಗ್ಗಿದಾಗ ಫೋನು ಕೈಯಿಂದ ಜಾರಿತು. ತಳದ ಹಳೇ ಹೊಟ್ಟಿನ ಮೇಲೆ ಬಿದ್ದದ್ದರಿಂದ ಅದಕ್ಕೆ ಏನೂ ಆಗಲಿಲ್ಲ. ಟಾರ್ಚು ಮೇಲ್ಮುಖವಾಗಿ ಬೆಳಗುತ್ತ ಕೂತಿತು.

ಅಕ್ಕ ತಲೆ ಚಚ್ಚಿಕೊಂಡಳು. ಎಲ್ಲ ಗಿರಾಕಿಗಳ ಅಳತೆಯೂ ಆ ಫೋನಿನಲ್ಲೇ ಇತ್ತು. ದನದ ಮನೆಯ ಗೋಡೆಗೆ ಒರಗಿದ್ದ ಬಿದಿರಿನ ನಿಚ್ಚಣಿಕೆ ತಂದು ಒಳಗೆ ಇಳಿಸಲು ಹೇಳಿದಳು. ಆತ ಅನುಮಾನಿಸಿದ.

“ಅಕ್ಕಾರ, ಸ್ವಲ್ಪ ಗಾಳಿ ಆಡ್ಲಿ ತಡೀರಿ. ಭಾಳ ದಿನದ್ದು ಐತಿ.”

“ಅಪ್ಪ ಏನಂತಿದ್ದ? ದೀಪ ಉರಿಯಾಕ ಹತ್ತಿದ್ರ ಇಳೀಬಹುದು ಅಂತಿದ್ದ. ನೋಡಲ್ಲಿ, ತಳದಾಗ ಹೆಂಗ ಬೆಳಕು ಉರಿಯಾಕ ಹತ್ತೈತಿ!”

ನಾವೆಲ್ಲ ಬಗ್ಗಿ ನೋಡಿದೆವು. ಬೆಳಕು ಉರಿಯುತ್ತಿತ್ತು. ಸ್ವಲ್ಪವೂ ಅಲುಗದೆ, ಬೆಳ್ಳಗೆ. ಆತ “ಹೌದಲ್ಲರಿ” ಎಂದು ತಲೆಯಾಡಿಸಿದ. ನಾನೂ ಒಂದು ಕ್ಷಣ ಹೌದಲ್ಲ ಎಂದುಕೊಂಡೆ. ಹಗೇವಿನೊಂದಿಗೆ ಬೆಳೆದ ಮನೆಯವರು ನಾವು, ಹಗೇವಿನ ನಿಯಮ ನಮಗೆ ರಕ್ತದಲ್ಲೇ ಇತ್ತು.

ಮರುಕ್ಷಣ ನನಗೆ ಹೊಳೆಯಿತು. ಐದನೇ ತರಗತಿಯ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ, ಗಾಜಿನ ಲೋಟ ಬೋರಲು ಹಾಕಿ, ಅದು ಆರುವುದನ್ನು ಪ್ರತಿವರ್ಷ ಮಕ್ಕಳಿಗೆ ತೋರಿಸುವವನು ನಾನೇ. ಕಂದೀಲು ಉರಿಯಲು ಗಾಳಿ ಬೇಕು, ಅದಕ್ಕೇ ಅದು ನಮಗೆ ಸುಳಿವು ಕೊಡುತ್ತಿತ್ತು. ಫೋನಿಗೆ ಗಾಳಿ ಬೇಕಿಲ್ಲ. ನೀರಿನೊಳಗೆ ಬಿದ್ದರೂ ಅದು ಸ್ವಲ್ಪ ಹೊತ್ತು ಬೆಳಗುತ್ತದೆ. ಮಾತು ಗಂಟಲಿಗೆ ಬಂತು. ಅಷ್ಟರಲ್ಲಿ ಅಕ್ಕ ನಿಚ್ಚಣಿಕೆಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು ನನ್ನ ಮುಖ ನೋಡಿದಳು. ನನ್ನ ಮುಖದ ಬಣ್ಣ ಹೋಗಿತ್ತೆಂದು ಕಾಣುತ್ತದೆ.

“ಯಾಕೋ ಕಂದೀಲು? ಈ ಸಲಾ ಎಣ್ಣಿ ಐತಿಲ್ಲೊ?”

ಹಿಂಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನಕ್ಕಳು. ಅಗೆಯಲು ಬಂದ ಇಬ್ಬರೂ ನಕ್ಕರು. ಅವರಿಗೂ ಆ ಕಥೆ ಗೊತ್ತಿತ್ತು. ನಾನೂ ನಕ್ಕೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ನಕ್ಕೆ. ಅಕ್ಕ ಇಳಿದಳು.

“ಥೂ, ಏನ್ ನಾತನೋ ಮಾರಾಯಾ” ಎಂಬ ಮಾತು ಕೆಳಗಿನಿಂದ ಬಂತು. ಆಮೇಲೆ ಅವಳು ಫೋನು ಎತ್ತಿಕೊಳ್ಳಲು ಬಗ್ಗಿದಳು. ಕೆಟ್ಟ ಗಾಳಿ ಭಾರ, ಅದು ತಳದಲ್ಲೇ ನಿಂತಿರುತ್ತದೆ. ಬಗ್ಗಿದವಳು ಗೋಡೆಗೆ ಕೈ ಕೊಟ್ಟಳು. “ತಲಿ ತಿರಗಾಕ...” ಎಂದಳು. ಮಾತು ಪೂರ್ತಿಯಾಗಲಿಲ್ಲ. ಮೊಣಕಾಲು ಮಡಚಿ, ಗೋಡೆಗೆ ಒರಗಿ, ದಣಿದವರು ಕೂತಂತೆ ಮೆಲ್ಲಗೆ ಕೂತುಬಿಟ್ಟಳು. ತಲೆ ಒಂದು ಪಕ್ಕಕ್ಕೆ ವಾಲಿತು. ಫೋನು ಅವಳ ಕಾಲ ಬಳಿ ಬೆಳಗುತ್ತಲೇ ಇತ್ತು. ಆ ಬೆಳಕಿನಲ್ಲಿ ಅವಳ ಬಳೆ, ಕೊರಳಿನ ಹಳದಿ ಟೇಪು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

ನಾನು ಕಿರುಚಿದೆ. ಆತ ನಿಚ್ಚಣಿಕೆಗೆ ಕಾಲು ಹಾಕಿದ. ನಾನು ಅವನ ಸೊಂಟವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದೆ.

“ಬಿಡ್ರೀ ಸರ, ಅಕ್ಕಾರು ಸಾಯ್ತಾರ!”

“ಇಳೀಬ್ಯಾಡ! ನೀನೂ ಅಲ್ಲೇ ಬೀಳ್ತಿ!”

ಅವನು ಕೇಳುವ ಹಾಗಿರಲಿಲ್ಲ. ಅವನಿಗಿಂತ ಬಲವಿಲ್ಲದ ನಾನು ಎಷ್ಟು ಹೊತ್ತು ಹಿಡಿದೇನು? ಅಷ್ಟರಲ್ಲಿ ನನ್ನ ಹೆಂಡತಿ ತುಳಸಿಕಟ್ಟೆಯ ಮೇಲೆ ಉರಿಯುತ್ತಿದ್ದ ಬೆಳಗಿನ ದೀಪವನ್ನು ಬಕೆಟಿನೊಳಗಿಟ್ಟು ಹಗ್ಗದಿಂದ ಇಳಿಬಿಟ್ಟಳು. ಒಂದಾಳು ಆಳ ಇಳಿಯುವಷ್ಟರಲ್ಲಿ ದೀಪ ಬಾಗಿತು, ಸಣ್ಣದಾಯಿತು, ಆರಿತು. ಅದರ ಕೆಳಗೆ ಫೋನು ಬೆಳಗುತ್ತಿತ್ತು. ಆತ ಕಾಲು ಹಿಂದೆ ತೆಗೆದುಕೊಂಡ. ನನ್ನ ಜೀವನದಲ್ಲಿ ನಾನು ಅಂಜಿದ ಎಲ್ಲ ಅಂಜಿಕೆಗಳನ್ನು ಒಟ್ಟು ಮಾಡಿದರೂ ಆ ಕ್ಷಣಕ್ಕೆ ಸಮವಾಗುವುದಿಲ್ಲ.

ಕಾಲಿಗೆ ಏನೋ ತೊಡರಿತು. ವೈರಿಗೆಂದು ತಂದ ಒಂದಿಂಚಿನ ಕರಿ ಪೈಪಿನ ಸುರುಳಿ. ಅದನ್ನು ನೋಡುತ್ತಲೇ ಅಕ್ಕನ ಅಂಗಡಿಯ ಬ್ಲೋವರ್ ನೆನಪಾಯಿತು. ಮಷೀನಿನೊಳಗೆ ಕೂತ ನೂಲಿನ ಧೂಳನ್ನು ಊದಿ ತೆಗೆಯಲು ಅವಳು ಇಟ್ಟುಕೊಂಡದ್ದು. ಓಡಿಹೋಗಿ ಅದನ್ನೂ ಉದ್ದ ವೈರಿನ ಪ್ಲಗ್ಗನ್ನೂ ತಂದೆ. ಬ್ಲೋವರಿನ ಮೂತಿಯನ್ನು ಪೈಪಿಗೆ ತುರುಕಿ, ಸಂದಿಗೆ ಬ್ಲೌಸ್ ಪೀಸು ಸುತ್ತಿ ಬಿಗಿದೆ. ಗಂಟು ಹಾಕಿದ್ದು ನನ್ನ ಹೆಂಡತಿ. ಪೈಪನ್ನು ಅಕ್ಕನ ಮುಖದ ಹತ್ತಿರಕ್ಕೆ ಇಳಿಸಿ ಸ್ವಿಚ್ಚು ಹಾಕಿದೆವು. ಅಗೆಯಲು ಬಂದ ಹೆಂಗಸು ಯಾರೂ ಹೇಳದೆಯೇ ಬೇವಿನ ಟೊಂಗೆ ಮುರಿದು ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಮೇಲೆ ಕೆಳಗೆ ಆಡಿಸತೊಡಗಿದಳು. ಒಳಗಿನ ಗಾಳಿಯನ್ನು ಕದಡುವ ಹಳೆಯ ಪದ್ಧತಿ ಅದು.

ಬ್ಲೋವರ್ ಹಿಡಿದು ಕೂತ ನನಗೆ ಒಂದೇ ಯೋಚನೆ: ಕರೆಂಟು. ನಮ್ಮ ಊರಲ್ಲಿ ಅದು ಯಾವಾಗ ಹೋಗುತ್ತದೆಂದು ಹೇಳುವವರಿಲ್ಲ. ಬ್ಲೋವರಿನ ಸಪ್ಪಳ ಸ್ವಲ್ಪ ಏರಿಳಿದರೂ ನನ್ನ ಉಸಿರು ನಿಲ್ಲುತ್ತಿತ್ತು. “ಅಕ್ಕಾ, ಅಕ್ಕಾ” ಎಂದು ಕೂಗುತ್ತಿದ್ದೆನಂತೆ, ನನಗೆ ನೆನಪಿಲ್ಲ. ಅವಳ ಎದೆಯ ಮೇಲಿದ್ದ ಹಳದಿ ಟೇಪನ್ನು ಮಾತ್ರ ನೋಡುತ್ತಿದ್ದೆ. ಅದು ಅಲುಗುತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ ತಿಳಿಯದು. ಆಮೇಲೆ ಟೇಪು ಒಮ್ಮೆ ಎದ್ದು ಇಳಿಯಿತು. ನನ್ನ ಕಣ್ಣಿನ ಭ್ರಮೆಯೆಂದುಕೊಂಡೆ. ಮತ್ತೆ ಎದ್ದು ಇಳಿಯಿತು.

ದೀಪವನ್ನು ಹೊಸದಾಗಿ ಹಚ್ಚಿ ಇಳಿಬಿಟ್ಟೆವು. ಈ ಸಲ ತಳದವರೆಗೂ ಉರಿಯಿತು. ಆತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಅಕ್ಕನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿದ. ಅಷ್ಟರಲ್ಲಿ ಓಣಿಯವರು ಸೇರಿದ್ದರು, ಎಲ್ಲರೂ ಕೂಡಿ ಎಳೆದರು. ನಾನು ಇಳಿಯಲಿಲ್ಲ. ಇಳಿಯಬೇಕೆಂದು ಮನಸ್ಸಿಗೆ ಬಂತು, ಕಾಲು ಬರಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಊರಿನವರು ಹೇಳುವ ಕಥೆಯಲ್ಲಿ ಈಗ ನಾನೇ ಇಳಿದದ್ದೆಂದು ಆಗಿಬಿಟ್ಟಿದೆ.

ಬೇವಿನ ಮರದ ಕೆಳಗೆ ಮಲಗಿಸಿದಾಗ ಅಕ್ಕನ ತುಟಿ ನೀಲಿಯಾಗಿತ್ತು. ಮುಖಕ್ಕೆ ನೀರು ಹೊಡೆದೆವು. ವಾಂತಿ ಮಾಡಿಕೊಂಡಳು, ಕಣ್ಣು ತೆರೆದಳು, ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಆಮೇಲೆ ಅವಳು ಆಡಿದ ಮೊದಲ ಮಾತು, “ಫೋನ್ ಎಲ್ಲೈತಿ?” ಓಣಿಯವರ ಗಾಡಿಯಲ್ಲಿ ದವಾಖಾನೆಗೆ ಒಯ್ದೆವು. ಎರಡು ದಿನ ಆಕ್ಸಿಜನ್ ಇಟ್ಟು ಮನೆಗೆ ಕಳಿಸಿದರು.

ಹಗೇವಿಗೆ ನಾಲ್ಕು ಟ್ರ್ಯಾಕ್ಟರ್ ಮಣ್ಣು ಹಾಕಿಸಿ ಮುಚ್ಚಿದೆವು. ಅದೇ ಕರಿ ಪೈಪನ್ನು ತೊಳೆದು, ಮುಚ್ಚಿದ ಹಗೇವಿನಿಂದ ದೂರ ಬಳಸಿ ಒಯ್ದು, ಅದರೊಳಗೆ ವೈರು ಎಳೆದೆವು. ಅಕ್ಕನ ಅಂಗಡಿಯೊಳಗೆ ಈಗ ವೈಫೈ ನಮ್ಮ ಮನೆಗಿಂತ ಜೋರು. ಅವಳು ಬಟ್ಟೆ ಕತ್ತರಿಸುತ್ತಲೇ ಕುಷ್ಟಗಿಯ ಗಿರಾಕಿಗಳೊಂದಿಗೆ ವಿಡಿಯೋದಲ್ಲಿ ಜಗಳವಾಡುತ್ತಾಳೆ. ಅಂಗಡಿಗೆ ಬಂದವರಿಗೆಲ್ಲ ನನ್ನ ಸುದ್ದಿ ಹೇಳುತ್ತಿದ್ದಳು. “ನಮ್ಮ ತಮ್ಮ ಪೈಪಿನಾಗ ಗಾಳಿ ಬಿಟ್ಟು ನನ್ನ ಜೀವ ಉಳಿಸ್ಯಾನ್ರಿ. ಎಂಥಾ ತಲಿ ಓಡಿಸ್ಯಾನ!” ನನಗೊಂದು ಬಿಳಿ ಅಂಗಿ ಹೊಲಿದುಕೊಟ್ಟಳು. ಹಾಕಿಕೊಳ್ಳಲು ಹೋದಾಗಲೆಲ್ಲ ಮತ್ತೆ ಮಡಚಿ ತೆಗೆದಿಡುತ್ತಿದ್ದೆ.

ಅವತ್ತಿನಿಂದ ಅವಳು ನನ್ನನ್ನು ಒಂದು ಸಲವೂ ಕಂದೀಲು ಎನ್ನಲಿಲ್ಲ. ಇಪ್ಪತ್ತೈದು ವರ್ಷ ಆ ಹೆಸರಿಗೆ ಮೈ ಉರಿಸಿಕೊಂಡವನು ನಾನು. ಈಗ ಅದಿಲ್ಲದೆ ಇರಲಾಗುತ್ತಿರಲಿಲ್ಲ. ಅವಳು “ನಮ್ಮ ತಮ್ಮ” ಎಂದಾಗಲೆಲ್ಲ ನಿಚ್ಚಣಿಕೆಯ ಮೇಲಿನ ಅವಳ ಕಾಲು ಕಾಣುತ್ತಿತ್ತು, ನನ್ನ ನಗು ಕೇಳುತ್ತಿತ್ತು. ಹಿತ್ತಲ ಆಚೆ ಮಷೀನಿನ ಸಪ್ಪಳ ನಿಂತರೆ ನನ್ನ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಮತ್ತೆ ಶುರುವಾಗುವವರೆಗೆ ಕಿವಿಗೊಟ್ಟು ಕೂರುತ್ತಿದ್ದೆ. ದಾರ ಬದಲಿಸಲು ನಿಲ್ಲಿಸಿದ್ದಾಳೆಂದು ಗೊತ್ತಿದ್ದರೂ ಹಾಗೆಯೇ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ, ಹಿಂಬಾಗಿಲ ಬಳಿ ಕೂತು ಫೋನಿನಲ್ಲಿ ಬರೆದೆ. ಎಷ್ಟೋ ಸಲ ಬರೆದು ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟೇ: ‘ಅಕ್ಕಾ, ಫೋನಿನ ಬೆಳಕು ನಂಬಬಾರದು ಅಂತ ನೀನು ಇಳಿಯುವ ಮೊದಲೇ ನನಗೆ ಹೊಳೆದಿತ್ತು. ಎಲ್ಲರೂ ನಗುತ್ತಾರೆ ಅಂತ ಬಾಯಿ ಬಿಡಲಿಲ್ಲ.’ ಒತ್ತಿದೆ. ಆ ಮಾತು ನೆಲದೊಳಗಿನ ಪೈಪಿನಲ್ಲಿ ಹಾದು ಅವಳ ಮೇಜಿಗೆ ಹೋಯಿತು. ಎರಡು ಗೀಟು ನೀಲಿಯಾದವು, ಅವಳು ಓದಿದ್ದಳು.

ಮಷೀನಿನ ಸಪ್ಪಳ ನಿಂತಿತು.

ನಾನು ಕಾದೆ. ಅದು ಮತ್ತೆ ಶುರುವಾಗಲಿಲ್ಲ. ಬೇವಿನ ಮರದ ಮೇಲೆ ಅಳಿಲು ಕೂಗುವುದು ಕೇಳುತ್ತಿತ್ತು. ಇನ್ನು ಮುಂದೆ ಅವಳು ನನ್ನೊಂದಿಗೆ ಮಾತಾಡುವುದಿಲ್ಲ, ಅಂಗಡಿ ಕಿತ್ತುಕೊಂಡು ಹೊರಟುಹೋಗುತ್ತಾಳೆ ಎಂದೇ ಅಂದುಕೊಂಡೆ. ಆಗ ದನದ ಮನೆಯ ಬಾಗಿಲು ತೆರೆಯಿತು. ಅಕ್ಕ ಹೊರಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಸೊಂಟಕ್ಕೆ ಕೈಯಿಟ್ಟು ನಿಂತಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು.

“ಮೂವತ್ತು ಹೆಜ್ಜಿ ನಡಕೊಂಡು ಬಂದು ಎದುರಿಗೆ ಹೇಳಾಕ ಏನಾಗಿತ್ತೋ ನಿನಗ? ಅದಕ್ಕೂ ಅಂಜಿಕಿ ಬಂತೇನೋ ಕಂದೀಲು?”

ನಾನು ಎದ್ದೆ. ಬರಿಗಾಲಿನಲ್ಲೇ ಹಿತ್ತಲಿಗೆ ಇಳಿದೆ. ಮುಚ್ಚಿದ ಹಗೇವಿನ ಮೇಲೆ ಕಾಲಿಡದೆ, ದೂರದಿಂದ ಸುತ್ತು ಹಾಕಿ ಅವಳ ಹತ್ತಿರ ಹೋದೆ.